ನಂಜುಂಡಾಚಾರ್ರು ಎರಕ ಹೊಯ್ದ ಕಲ್ಲು

ನಂಜುಂಡಾಚಾರ್ರಿಗೆ ಕಂಡದ್ದನ್ನೆಲ್ಲ ತಟ್ಟಿ ನೋಡುವ ಅಭ್ಯಾಸ. ನಮ್ಮ ಮನೆಗೆ ಬಂದರೆ ಕಂಬ ತಟ್ಟುವರು, ಹೊಸ್ತಿಲು ತಟ್ಟುವರು, ಕಾಫಿ ಕೊಟ್ಟರೆ ಲೋಟವನ್ನೂ ಒಂದು ಸಲ ತಟ್ಟಿಯೇ ಬಾಯಿಗಿಡುವರು. ಅದೂ ಬಲಗೈಯಲ್ಲಿ ಉಳಿದಿದ್ದ ಎರಡೇ ಬೆರಳುಗಳಿಂದ. "ದನಿ ಸುಳ್ಳು ಹೇಳಲ್ಲ ಅಮ್ಮಣ್ಣಿ" ಎನ್ನುತ್ತಿದ್ದರು.

ನಾನು ಮಾಲೂರಿಗೆ ಸೊಸೆಯಾಗಿ ಬಂದದ್ದು ಎರಡನೇ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲು. ನಮ್ಮ ಯಜಮಾನರಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತೆ ಕೆಲಸ. ಪಕ್ಕದ ಮನೆ ಆಚಾರ್ರದು. ಅವರ ಹುಟ್ಟೂರು ಶಿವಾರಪಟ್ಟಣ. ಅಲ್ಲಿ ಅಣ್ಣನ ಜೊತೆ ದೇವರ ವಿಗ್ರಹ ಕೆತ್ತುತ್ತಿದ್ದರು. ಒಂದು ದಿನ ಬಂಡೆ ಸೀಳುವಾಗ ಕಲ್ಲು ಜಾರಿ ಕೈಮೇಲೆ ಕೂತಿತು. ಮೂರು ಬೆರಳು ಹೋದವು, ಉಳಿಯ ಕೆಲಸವೂ ಹೋಯಿತು. "ಕೂತ್ಕೊಂಡು ಉಣ್ಣು, ನಾನಿದೀನಿ" ಎಂದರಂತೆ ಅಣ್ಣ. ಆ ಮಾತೇ ಇವರಿಗೆ ತಡೆಯದಾಯಿತು. ಹೆಂಡತಿ ನಾಗಮ್ಮನನ್ನು ಕರೆದುಕೊಂಡು ಮಾಲೂರಿನಲ್ಲಿದ್ದ ಮಾವನ ಮಣ್ಣಿನ ಮನೆಗೆ ಬಂದುಬಿಟ್ಟರು. ಎಡಗೈಯಲ್ಲೇ ಗುದ್ದಲಿ, ಕೊಡಲಿಗಳಿಗೆ ಮರದ ಕಾವು ಹಾಕಿಕೊಟ್ಟು ಸಂಸಾರ ತೂಗಿಸುತ್ತಿದ್ದರು.

ಆ ಮನೆಯ ಬೀದಿಗೋಡೆ ಪ್ರತಿ ಮಳೆಗಾಲಕ್ಕೂ ಬುಡದಲ್ಲಿ ಕರಗುತ್ತಿತ್ತು. "ಎಷ್ಟು ದೇವ್ರಿಗೆ ಕಲ್ಲಿನ ಮೈ ಮಾಡ್ಕೊಟ್ಟೆ. ನನ್ನ ಹೆಂಡ್ತಿ ಮಾತ್ರ ಮಳೆ ಬಂದ್ರೆ ಗೋಡೇಗೆ ಚಾಪೆ ಹಿಡ್ಕೊಂಡು ನಿಂತ್ಕೋತಾಳೆ" ಎಂದು ಒಮ್ಮೆ ನನ್ನೆದುರೇ ಹೇಳಿದರು. ನಾಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಆಚಾರ್ರು ನಗಲಿಲ್ಲ.

ಸ್ಟೇಷನ್ನಿನ ಹತ್ತಿರ ಮೋರಿ ಕಟ್ಟುವ ಕೆಲಸ ನಡೆದಾಗ ಆಚಾರ್ರು ವಾರವಿಡೀ ಅಲ್ಲೇ ನಿಂತು, ಸಿಮೆಂಟು ಕಲಸುವುದನ್ನು ನೋಡಿಕೊಂಡು ಬಂದರು. ಆಮೇಲೆ ಒಂದು ಮೂಟೆ ಸಿಮೆಂಟು ಅವರ ಹಿತ್ತಲಿಗೆ ಬಂತು. ಕಲ್ಲಿನ ಹಾಗೆ ಕಾಣುವ ತೆಳು ಬಿಲ್ಲೆಗಳನ್ನು ಎರಕ ಹೊಯ್ದು, ಮಣ್ಣಿನ ಗೋಡೆಗೆ ಹೊದಿಸಬೇಕೆಂಬುದು ಅವರ ಲೆಕ್ಕಾಚಾರ. ಹಲಗೆಯ ಚೌಕಟ್ಟು ಮಾಡಿ ಹೊಯ್ದರು. ಬಿಲ್ಲೆ ಅಚ್ಚಿಗೆ ಕಚ್ಚಿಕೊಂಡು ಕೂತಿತು. ಬಿಡಿಸಹೋದರೆ ಮುರಿಯಿತು. ಹಾಗೆ ಎಷ್ಟು ಮುರಿದವೋ! "ಹೋಗ್ಲಿ, ಇನ್ನೊಂದು" ಎಂದು ಮತ್ತೆ ಕಲಸಲು ಕೂರುವರು.

ಆ ಸಂಕ್ರಾಂತಿಗೆ ನಾನು ಅವರ ಮನೆಗೆ ಎಳ್ಳಿನ ಜೊತೆ ಸಕ್ಕರೆ ಅಚ್ಚು ಕೊಟ್ಟುಬಂದೆ. ಹಿಂದೆಯೇ ಆಚಾರ್ರು ನಮ್ಮ ಬಾಗಿಲಿಗೆ ಬಂದರು. ಅಂಗೈಯಲ್ಲಿ ಸಕ್ಕರೆಯ ಗಿಣಿ.

"ಇದರ ಮೂಗೂ ಮುರೀದಂಗೆ ಹೆಂಗಮ್ಮಣ್ಣಿ ಬಿಡಿಸಿದೆ?"

ಮರದ ಅಚ್ಚನ್ನು ತಂದು ತೋರಿಸಿದೆ. ಎರಡು ಹೋಳು. ನೀರಲ್ಲಿ ನೆನೆಸಿ, ದಾರದಿಂದ ಬಿಗಿದು ಪಾಕ ಹೊಯ್ಯುವುದು, ಆರಿದ ಮೇಲೆ ದಾರ ಬಿಚ್ಚುವುದು. ಅವರು ಅಚ್ಚನ್ನು ತೆಗೆದು, ಕೂಡಿಸಿ, ಮತ್ತೆ ತೆಗೆದರು. "ಥೂ! ನಾನು ಮಗೂನ ಜಗ್ತಾ ಇದ್ದೆ. ಬಿಚ್ಚಬೇಕಾದ್ದು ತೊಟ್ಟಿಲು" ಎಂದು ಎದ್ದುಹೋದರು.

ಅಂದಿನಿಂದ ಬಿಚ್ಚಿ ತೆಗೆಯುವ ಚೌಕಟ್ಟು ಬಂತು. ಅದರ ತಳಕ್ಕೆ ಜೇಡಿಮಣ್ಣು ಹಾಸಿ, ಉಳಿಯ ಗುರುತಿರುವ ನಿಜವಾದ ಕಲ್ಲೊಂದನ್ನು ಒತ್ತಿ, ಆ ಪಡಿಯಚ್ಚಿಗೆ ಹೊಂಗೆ ಎಣ್ಣೆ ಸವರಿ ಹೊಯ್ಯುತ್ತಿದ್ದರು. ಮಾರನೆಯ ದಿನ ಬಿಡಿಸಿ, ಒದ್ದೆ ಗೋಣಿಯ ಕೆಳಗೆ ಮಲಗಿಸಿ, ವಾರಗಟ್ಟಲೆ ನೀರು ಚಿಮುಕಿಸುವುದು ನಾಗಮ್ಮನ ಪಾಲು. ರೂಪವೇನೋ ಬಂತು, ಬಣ್ಣ ಬರಲಿಲ್ಲ. ಅದಕ್ಕೆ ಕಲ್ಲಿನ ಪುಡಿಯೇ ಬೇಕು. ಅದು ಅಣ್ಣನ ಅಂಗಳದಲ್ಲಿ ರಾಶಿ ಬಿದ್ದಿತ್ತು.

ವರ್ಷಗಳಿಂದ ತುಳಿಯದ ಆ ಅಂಗಳಕ್ಕೆ ಆಚಾರ್ರು ಖಾಲಿ ಗೋಣಿ ಹಿಡಿದು ಹೋದರು. ಅಲ್ಲಿ ನಡೆದದ್ದನ್ನು ನಾಗಮ್ಮ ನನಗೆ ಹೇಳಿದರು. "ಕಲ್ಲು ಬಿಟ್ಟೋನು ಕಲ್ಲಿನ ಬೂದಿ ಕೇಳೋಕೆ ಬಂದ್ಯೇನ್ಲಾ?" ಎಂದು ಅಣ್ಣ ಎಲ್ಲರೆದುರು ನಕ್ಕರಂತೆ. ಇವರು ಎಡಗೈಯಲ್ಲಿ ಪೊರಕೆ ಹಿಡಿದು ಅಂಗಳವೆಲ್ಲ ಗುಡಿಸಿ, ಗೋಣಿ ತುಂಬಿಕೊಂಡು ಬಂದರಂತೆ.

ಬಣ್ಣವೂ ಬಂತು. ಗೋಡೆಗೆ ಅಂಟಿಸುತ್ತಾ ಹೋದ ಬಿಲ್ಲೆಗಳು ಎದೆಯೆತ್ತರಕ್ಕೆ ಬಂದಿದ್ದವು. ಒಂದು ಸಂಜೆ ಜಡಿಮಳೆ ಹೊಡೆಯಿತು. ದಡದಡ ಸದ್ದಾಗಿ ನಾವೆಲ್ಲ ಹೊರಗೆ ಓಡಿದೆವು. ಬಿಲ್ಲೆಗಳೆಲ್ಲ ಬೀದಿಯಲ್ಲಿ ಬಿದ್ದಿದ್ದವು. ನಾಗಮ್ಮ ಕೆಸರಿನಲ್ಲೇ ಕೂತು ಅತ್ತರು. ಆಚಾರ್ರು ಒಂದು ಚೂರನ್ನೆತ್ತಿ ಹಿಂಬದಿ ನೋಡಿದರು. "ಗೋಡೆ ಬಿದ್ದಿಲ್ಲ ಕಣೇ, ಸೀರೆ ಜಾರೈತೆ ಅಷ್ಟೆ. ಪಿನ್ನು ಹಾಕ್ಬೇಕಾಗಿತ್ತು, ಹಾಕ್ಲಿಲ್ಲ" ಎಂದರು.

ಮತ್ತೆ ಮೊದಲಿಂದ ಶುರು. ಈ ಸಲ ಪ್ರತಿ ಬಿಲ್ಲೆಯ ಬೆನ್ನಿಗೂ ಹಸಿಯಿರುವಾಗಲೇ ಗೀರು ಎಳೆದು, ತಂತಿಯ ಕುಣಿಕೆ ಹುಗಿದರು. ಗೋಡೆಯೊಳಕ್ಕೆ ಉದ್ದನೆಯ ಮೊಳೆ ಹೊಡೆದು, ಕುಣಿಕೆಯನ್ನು ಅದಕ್ಕೆ ಬಿಗಿದರು. ಬುಡಕ್ಕೆ ಒಂದು ಸಾಲು ನಿಜವಾದ ಕಲ್ಲು. ಮುಂದಿನ ಮಳೆಗಾಲ ಪೂರ್ತಿ ಕಳೆಯಿತು, ನಾಗಮ್ಮನ ಚಾಪೆ ಒಳಗೇ ಉಳಿಯಿತು.

ಸುದ್ದಿ ಕೇಳಿ ಅಣ್ಣ ಬಂದರು. ಗೋಡೆಯ ಉದ್ದಕ್ಕೂ ಕೈಯಾಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇದು ಕಲ್ಲಲ್ಲ" ಎಂದರು.

"ಅಲ್ಲಣ್ಣಾ. ಆದ್ರೆ ಮಳೇಗೆ ಇನ್ನೂ ಗೊತ್ತಾಗಿಲ್ಲ."

ಅಣ್ಣ ಜಗಲಿಯ ಮೇಲೆ ಕೂತರು. ನಾಗಮ್ಮ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಹೇಳಿದರು: "ನಮ್ಮನೆ ಗೋಡೇನೂ ಮಣ್ಣಿಂದೇ ಕಣೋ."

ಅಷ್ಟು ಹೊತ್ತಿಗೆ ಯುದ್ಧ ಶುರುವಾಗಿ ಸಿಮೆಂಟು ಸಿಗುವುದೇ ಕಷ್ಟವಾಗಿತ್ತು. ಆಚಾರ್ರು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ ಅರೆದು, ಅದರಲ್ಲೇ ಹೊಯ್ಯಲು ಕಲಿತರು. ಒಂದು ಬಿಲ್ಲೆ ಗಟ್ಟಿಯಾಗಲು ತಿಂಗಳುಗಳೇ ಬೇಕು. "ಆಗ್ಲಿ ಬಿಡಮ್ಮಣ್ಣಿ, ಕಲ್ಲಿಗೇನು ಅವಸರ?" ಎನ್ನುತ್ತಿದ್ದರು.

ನಮಗೆ ವರ್ಗವಾದಾಗ ಆಚಾರ್ರು ಅಣ್ಣನ ಮನೆಗೋಡೆಗೆ ಬಿಲ್ಲೆ ಹೊದಿಸಲು ಹೋಗಿದ್ದರು; ಹೇಳಿಹೋಗಲೆಂದು ಶಿವಾರಪಟ್ಟಣಕ್ಕೇ ಹೋದೆ. ಅಣ್ಣ ಎರಡೂ ಕೈಯಲ್ಲಿ ಬಿಲ್ಲೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಆಚಾರ್ರು ಏಣಿಯ ಮೇಲೆ ನಿಂತು, ತಂತಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಎಡಗೈಯಲ್ಲಿ ಬಿಗಿಯುತ್ತಿದ್ದರು. ನನ್ನನ್ನು ನೋಡಿ, ಬಾಯಲ್ಲಿ ತಂತಿಯಿದ್ದ ಕಾರಣ, ಕಣ್ಣಲ್ಲೇ 'ನಿಲ್ಲು' ಎಂದರು. ನಿಂತೆ. ಬಸ್ಸು ಹಾರನ್ ಹೊಡೆಯಿತು. ತಂತಿ ಇನ್ನೂ ಬಿಗಿಯಾಗಿರಲಿಲ್ಲ. ಕೈಮುಗಿದು ಹೊರಟೆ.

ಎರಡು ವರ್ಷದ ಮೇಲೆ ನಾಗಮ್ಮ ಯಾರ ಕೈಲೋ ಬರೆಸಿದ ಕಾರ್ಡು ಬಂತು. ಆಚಾರ್ರು ಜ್ವರದಲ್ಲಿ ಹೋಗಿಬಿಟ್ಟಿದ್ದರು. ಅಣ್ಣನ ಮನೆಯ ಗೋಡೆಗೆ ಮೇಲಿನ ಒಂದು ಸಾಲು ಬಾಕಿಯಿತ್ತಂತೆ. ತಿಥಿ ಮುಗಿದ ಮೇಲೆ ಅಣ್ಣ ಕೆತ್ತುತ್ತಿದ್ದ ವಿಗ್ರಹವನ್ನು ಪಕ್ಕಕ್ಕಿಟ್ಟು ಮಾಲೂರಿಗೆ ಬಂದರಂತೆ. ನಾಗಮ್ಮನ ಹತ್ತಿರ ಚೌಕಟ್ಟು ಕೇಳಿ ತೆಗೆದುಕೊಂಡು, ಎಷ್ಟು ಸುಣ್ಣಕ್ಕೆ ಎಷ್ಟು ಪುಡಿ ಎಂದು ಅವರನ್ನೇ ಕೇಳಿ ಕಲಿತು, ಆ ಸಾಲನ್ನು ತಾವೇ ಹೊಯ್ದರಂತೆ.