ಘಾಟಿನಲ್ಲಿ ಕೈಕೊಟ್ಟ ಗೇರ್ ಆಯಿಲ್

ಆಕ್ಸಿಲರೇಟರ್ ತುಳಿದರೆ ಇಂಜಿನ್ ಅರಚುತ್ತಿದೆ. ಕಾರು ಮಾತ್ರ ಮುಂದೆ ಹೋಗುತ್ತಿಲ್ಲ. ಸಂಡೂರು ಘಾಟಿನ ಏರು. ಹಿಂದೆ ಅದಿರಿನ ಲಾರಿಗಳ ಹಾರ್ನು. ಟೈಮು ಒಂಬತ್ತು ಗಂಟೆ ಹತ್ತು ನಿಮಿಷ. ಪಕ್ಕದ ಸೀಟಿನಲ್ಲಿ ನಮ್ಮಕ್ಕ, ಅವಳ ತೊಡೆ ಮೇಲೆ ಹಾಲ್ ಟಿಕೆಟ್ಟು.

ಹತ್ತಕ್ಕೆ ಹೊಸಪೇಟೆಯ ಪರೀಕ್ಷಾ ಕೇಂದ್ರದ ಗೇಟು ಮುಚ್ಚುತ್ತದೆ. ಟೀಚರ್ ಕೆಲಸಕ್ಕೆ ಅಕ್ಕನ ವಯಸ್ಸಿಗೆ ಇದೇ ಕಡೇ ಚಾನ್ಸು. ಬಸ್ಸಿಗೇ ಹೋಗ್ತೀನಿ ಅಂದವಳನ್ನು, ಆಟೋಮ್ಯಾಟಿಕ್ ಕಾರಿದೆ, ಎಸಿಯಲ್ಲಿ ಓದಿಕೊಂಡು ಬಾ ಅಂತ ಹತ್ತಿಸಿಕೊಂಡವನು ಯಾರು? ನಾನೇ. (ಸೆಕೆಂಡ್ ಹ್ಯಾಂಡ್ ಕಾರು. ಓಡಿರೋದು ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್. ಕೇಳಿದವರಿಗೆ "ಈಗಷ್ಟೇ ಪಳಗಿದೆ" ಅಂತೀನಿ.)

ಹೋದ ವರ್ಷವೇ ನಮ್ಮ ಮೆಕ್ಯಾನಿಕ್ ಗಾದಿಲಿಂಗಣ್ಣ ಗೇರ್ ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿ ಎಳೆದು, ಆಯಿಲನ್ನು ಬೆರಳಲ್ಲಿ ತಿಕ್ಕಿ, ಮೂಸಿ ಹೇಳಿದ್ದ: "ತಮ್ಮಾ, ಈ ಎಣ್ಣಿ ಒಮ್ಮೆನೂ ಬದ್ಲಿ ಆಗಿಲ್ಲ. ಸುಟ್ಟ ವಾಸನಿ ಇನ್ನೂ ಬಂದಿಲ್ಲ, ಈಗ ಬದ್ಲಿ ಮಾಡಿದ್ರ ಉಳೀತೈತಿ. ಇಲ್ಲಾಂದ್ರ ಘಾಟಿನ್ಯಾಗ ಕೈ ಕೊಡ್ತೈತಿ."

ನಾನೇನು ಮಾಡಿದೆ? ಯಾರೇ ಮಾತಾಡಲಿ, ಅವರ ದನಿ ತೆಗೆದು ನಗಿಸೋದು ನನ್ನ ಚಾಳಿ. ಎಲೆಯಡಿಕೆ ತುಂಬಿದಂತೆ ಕೆನ್ನೆ ಉಬ್ಬಿಸಿ, ಬೆರಳು ಮೂಸಿ, "ಘಾಟಿನ್ಯಾಗ ಕೈ ಕೊಡ್ತೈತಿ" ಅಂತ ಅವನ ಮಿಮಿಕ್ರಿ ಮಾಡಿಕೊಂಡು ತಿರುಗಿದೆ. ಕಂಪ್ಲಿಯ ಸೀಮಂತದಲ್ಲಿ ನಗು. ಮಲಪನಗುಡಿಯ ಮದುವೆಯಲ್ಲಿ ಇನ್ನೊಂದ್ಸಲ ಮಾಡು ಅಂತ ಒತ್ತಾಯ. ಆಯುಧ ಪೂಜೆ ದಿನ ಕಾರಿಗೆ ಬಾಳೆಕಂದು ಕಟ್ಟಿ, ಅದರ ಮುಂದೆಯೇ ಒಂದು ಶೋ ಕೊಟ್ಟೆ. ಆಯಿಲ್ ಮಾತ್ರ ಬದಲಾಯಿಸಲಿಲ್ಲ.

ಎಲ್ಲರಿಗಿಂತ ಜಾಸ್ತಿ ನಕ್ಕವಳು ಅಕ್ಕ. ಇವತ್ತು ನಗಲಿಲ್ಲ.

ಕಾರಿನೊಳಗೆ ಸುಟ್ಟ ವಾಸನೆ. ಹೇಗೋ ಬದಿಗೆ ಹಾಕಿ, ಗಾದಿಲಿಂಗಣ್ಣನಿಗೆ ಫೋನ್ ಮಾಡಿದೆ. ಆಫ್ ಮಾಡು, ಅರ್ಧ ತಾಸು ಆರಲಿ, ಈಗ ತುಳಿದರೆ ಗೇರ್ ಬಾಕ್ಸೇ ಹೋಗ್ತದೆ ಅಂದ. ಅರ್ಧ ತಾಸು! ಅಕ್ಕ ಅಷ್ಟು ಕೇಳಿದ್ದೇ ಹಾಲ್ ಟಿಕೆಟ್ಟನ್ನು ಬ್ಯಾಗಿಗೆ ತುರುಕಿ ಇಳಿದಳು. ರೋಡಿನ ನಡುವೆ ನಿಂತು ಕೈ ಅಡ್ಡ ಹಿಡಿದಳು. ಅದಿರಿನ ಲಾರಿಯೊಂದು ಬುಸ್ ಎಂದು ಅವಳಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಸೀರೆ ಎತ್ತಿ ಕಟ್ಟಿ ಕ್ಯಾಬಿನ್ ಹತ್ತುವಾಗ ಒಂದೇ ಮಾತು ಹೇಳಿದಳು.

"ಲೇ, ಇವತ್ತು ಯಾರ ದನಿನೂ ತೆಗೀಬ್ಯಾಡ."

ಆಮೇಲಿನ ನಲವತ್ತು ನಿಮಿಷ ನಾನು ಮೊಬೈಲ್ ಬಿಟ್ಟು ಬೇರೇನೂ ನೋಡಲಿಲ್ಲ. ಒಂಬತ್ತು ಐವತ್ತೇಳಕ್ಕೆ ಮೆಸೇಜು ಬಂತು: "ಗೇಟಿನಾಗ ಅದೀನಿ. ಸೀರಿ ಪೂರಾ ಕೆಂಪು ಧೂಳು." ಆಗ ಉಸಿರು ಬಿಟ್ಟೆ.

ಮಧ್ಯಾಹ್ನ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಕೆಂಪಗಿರಬೇಕಾದ ಆಯಿಲು ಸೀದ ಬೆಲ್ಲದ ಪಾಕದ ಹಾಗೆ ಕಪ್ಪಗೆ ಸುರಿಯಿತು. ಇಷ್ಟು ಸುಟ್ಟ ಮೇಲೆ ಹೊಸದು ಹಾಕಿದರೆ ಬದುಕಲೂಬಹುದು, ಪೂರ್ತಿ ನಿಲ್ಲಲೂಬಹುದು, ಗ್ಯಾರಂಟಿ ಇಲ್ಲ ಅಂದ ಗಾದಿಲಿಂಗಣ್ಣ. ಮಷೀನ್ ಹಚ್ಚಿ ಒಮ್ಮೆಗೇ ತೊಳೆಯೋದು ಬೇಡವಂತೆ, ಒಳಗಿನ ಕಸ ಎದ್ದು ಸಿಕ್ಕಿಕೊಳ್ಳುತ್ತದಂತೆ. ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ಹಾಕಿ, ಸ್ವಲ್ಪ ದಿನ ಓಡಿಸಿ, ಮತ್ತೆ ಹಾಗೇ ಮಾಡಿ ನೋಡಬೇಕಂತೆ. ಹೋದ ವರ್ಷವಾಗಿದ್ದರೆ ಕಣ್ಣು ಮುಚ್ಚಿ ಬದಲಾಯಿಸುತ್ತಿದ್ದನಂತೆ.

ಆಮೇಲೆ ಬೆರಳು ಮೂಸಿದ. ನಾನು ಮಾಡಿ ತೋರಿಸುತ್ತಿದ್ದ ಹಾಗೇ.

"ನನ್ನ ಮಾತು ಒಂದಕ್ಷರ ಬಿಡದಂಗ ಊರಿಗೆಲ್ಲ ಹೇಳೀಯಂತಲ್ಲ ತಮ್ಮಾ," ಅಂದ, "ನೀ ಯಾವಾಗ ಕೇಳಿಸ್ಕೊಳ್ಳಾಂವ?"