ಹತ್ತಿಯ ಅಡಿಯ ಚೀಟಿ

ಬೆಳಗಿನ ಆರು ಗಂಟೆ. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಭೂತಗನ್ನಡಿ, ಸೂಜಿ, ಸವೆದ ಹಲ್ಲುಜ್ಜುವ ಬ್ರಷ್. ಐವತ್ತು ದಾಟಿದ ಹೆಂಗಸೊಬ್ಬರು ಅಕ್ಕಿಕಾಳಿನಷ್ಟಿರುವ ಚಿಪ್ಪಿನ ಬಾಯಿಂದ ಮರಳು ಕೆದಕುತ್ತಿದ್ದಾರೆ. ನಡುಸಮುದ್ರದ ಜ್ವಾಲಾಮುಖಿ ದ್ವೀಪವೊಂದರಿಂದ ಬಂದ, ಕಲ್ಲಾಗಿಹೋದ ಕಡಲ ಬಸವನಹುಳು ಅದು.

ಇಲ್ಲಿ ಎಲ್ಲರೂ ಇವರನ್ನು ಚಿಪ್ಪಕ್ಕ ಎನ್ನುತ್ತಾರೆ. "ಸಾಹೇಬ್ರಿಗೆ ಹೆಸರು, ನಂಗೆ ಚಿಪ್ಪು," ಎಂದು ಅವರೇ ನಗುತ್ತಾರೆ. ನಗುವ ವಿಷಯವಲ್ಲ.

ದ್ವೀಪದಿಂದ ಬಂದದ್ದು ನಲವತ್ತೊಂದು ಮೂಟೆ. ಹತ್ತೊಂಬತ್ತು ವರ್ಷದಲ್ಲಿ ಹದಿನೆಂಟು ಸಾವಿರ ಚಿಪ್ಪು ವಿಂಗಡಿಸಿ, ಇನ್ನೂರ ಅರವತ್ತಮೂರು ಜಾತಿ ಗುರುತಿಸಿದ್ದಾರೆ. ಬಲಗಣ್ಣು ಮಂಜಾಗಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇವತ್ತಿಗೂ 'ತೊಳೆಯುವ ಕೆಲಸ, ಹಂಗಾಮಿ'. ಈ ಚಿಪ್ಪುಗಳ ಬಗ್ಗೆ ಸಾಹೇಬರು, ಅಂದರೆ ಮ್ಯೂಸಿಯಮ್ಮಿನ ನಿರ್ದೇಶಕರು, ಬರೆದ ಪುಸ್ತಕದಲ್ಲಿ ಕಾರಿನ ಡ್ರೈವರಿಗೂ ಕೃತಜ್ಞತೆಯಿದೆ, ಇವರಿಗಿಲ್ಲ.

ಅದೇ ಪುಸ್ತಕದಲ್ಲೊಂದು 'ಹೊಸ ಜಾತಿ'ಯಿದೆ. ನಿರ್ದೇಶಕರು ಅದಕ್ಕೆ ತಮ್ಮ ಮಾವನ ಹೆಸರಿಟ್ಟಿದ್ದಾರೆ. ಅದು ಹೊಸದೂ ಅಲ್ಲ, ಮಣ್ಣೂ ಅಲ್ಲ. ಕವಡೆಯ ಮರಿ.

"ಮರಿ ಕವಡೆ ಕವಡೆ ಥರ ಇರಲ್ಲ. ತುಟಿ ಕಾಗದದಷ್ಟು ತೆಳ್ಳಗೆ. ಬೆಳೆದ ಮೇಲೇ ತುಟಿ ಒಳಕ್ಕೆ ಮಡಚ್ಕೊಂಡು ಹಲ್ಲು ಮೂಡೋದು. ಹೇಳಿದೆ. 'ನೀನು ತೊಳಿಯಮ್ಮ, ಸಾಕು' ಅಂದ್ರು."

ಈಗ ಹೊರಗಿನ ತಜ್ಞರೊಬ್ಬರು ತಪ್ಪು ಹಿಡಿದಿದ್ದಾರೆ, ಸೋಮವಾರ ಚಿಪ್ಪು ನೋಡಲು ಬರುತ್ತಾರೆ. ತಪ್ಪು ಹೊರಲು ಒಂದು ತಲೆ ಬೇಕಲ್ಲ! ಚೀಟಿ ಅದಲುಬದಲು ಮಾಡಿದ್ದು ತಾನೇ ಎಂದು ಟೈಪ್ ಮಾಡಿಸಿದ ಕಾಗದ ಚಿಪ್ಪಕ್ಕನ ಮೇಜಿನ ಮೇಲಿದೆ. ಇವತ್ತು ಸಹಿ ಹಾಕದಿದ್ದರೆ ನಾಳೆಯಿಂದ ಬರುವುದು ಬೇಡ.

"ಹಾಕ್ಬಿಡಮ್ಮ, ಯಾರಿಗೆ ಗೊತ್ತಾಗತ್ತೆ ಅಂದ್ಳು ಮಗಳು. ನೀನು ಪಕ್ಕದ್ಮನೆಯವರ ಮಗಳು ಅಂತ ಬರ್ಕೊಡ್ಲಾ ಅಂದೆ."

ಅವರು ಒಂದು ಗಾಜಿನ ಕೊಳವೆ ತೆಗೆಯುತ್ತಾರೆ. ಹೊರಗೆ ಅಚ್ಚುಹಾಕಿಸಿದ ಚೀಟಿ, ಮಾವನ ಹೆಸರು. ಬಿರಡೆ ಬಿಚ್ಚಿ, ಐದು ಚಿಪ್ಪು ಅಂಗೈಗೆ ಸುರಿದುಕೊಂಡು, ತಳದ ಹತ್ತಿ ಎತ್ತುತ್ತಾರೆ. ಅಡಿಯಲ್ಲಿ ಮಡಚಿದ ಇನ್ನೊಂದು ಚೀಟಿ: ಕವಡೆ ಮರಿ, ಐದು. ಒಂಬತ್ತು ವರ್ಷ ಹಳೆಯ ತಾರೀಖು, ಪುಸ್ತಕಕ್ಕಿಂತ ಮುಂಚಿನದು. ಅಂಟು ಬಿಟ್ಟು ಹೊರಚೀಟಿ ಉದುರೀತೆಂದು ಪ್ರತಿ ಕೊಳವೆಗೂ ಅವರು ಎರಡೆರಡು ಬರೆಯುತ್ತಾರೆ. ಶಾಯಿ ಮಾಸುತ್ತದೆಂದು ಪೆನ್ಸಿಲ್ಲಿನಲ್ಲೇ.

"ಸಾಹೇಬ್ರು ಇದನ್ನ ನೋಡ್ಲಿಲ್ವಾ?" ಇವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ಕೊಳವೆ ಬಿಚ್ಚಿದ್ರೆ ತಾನೇ?"

ಒಂಬತ್ತಕ್ಕೆ ಜವಾನ ಕಾಗದ ಒಯ್ಯಲು ಬರುತ್ತಾನೆ. ಸಹಿಯ ಜಾಗದಲ್ಲಿ ಪೆನ್ಸಿಲ್ ಅಕ್ಷರ: ಕವಡೆ ಮರಿ, ಐದು.

"ಏನಕ್ಕಾ ಇದು? ನಿಮ್ಮ ಹೆಸರೆಲ್ಲಿ?"

"ಇಷ್ಟು ವರ್ಷ ಯಾರು ಕೇಳಿದ್ರಪ್ಪಾ ನನ್ನ ಹೆಸರು? ತಗೊಂಡ್ಹೋಗು. ಸೋಮವಾರ ನನ್ನ ಒಳಗೆ ಬಿಡದಿದ್ರೂ ಬೇಡ. ಬಂದೋರಿಗೆ ಹತ್ತಿ ಎತ್ತಿ ನೋಡಿ ಅಂತ ಒಂದ್ಮಾತು ಹೇಳು."