ಬೀಗದಕ್ಕ ಕೊಡದ ವಿಳಾಸ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ದಾಖಲೆ ತುಂಬಿದ್ದ ಡೇಟಾಬೇಸ್‌ನಲ್ಲಿ ಯಾರು ಏನೇನು ನೋಡಬಹುದೆಂದು ಗೊತ್ತುಮಾಡುವುದು ಹದಿನಾಲ್ಕು ವರ್ಷಗಳಿಂದ ಅವಳ ಕೆಲಸ. ಹೆಂಡತಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ ಹಿರಿಯ ಡಾಕ್ಟರಿಗೆ, "ಸರ್, ಅವರ ಹೆಸರು ಕೇಳಿದ್ರೆ ನೀವು ಹೆದರ್ತೀರಿ, ಕಳ್ಳರು ಹೆದರಲ್ಲ" ಎಂದು ನಗಿಸಿಯೇ ಅದನ್ನು ಬದಲಾಯಿಸಿದ್ದಳು.

ಒಂದು ಸೋಮವಾರ ಬೆಳಿಗ್ಗೆ, ಯಾರು ಯಾವ ದಾಖಲೆ ತೆರೆದರೆಂಬ ಪಟ್ಟಿ ನೋಡುತ್ತಿದ್ದವಳ ಕಣ್ಣು ಒಂದು ಕಡೆ ನಿಂತಿತು. ಎಕ್ಸ್‌ರೇ ವಿಭಾಗದ ಮೇಲ್ವಿಚಾರಕ ಒಬ್ಬ ಹೆಂಗಸಿನ ದಾಖಲೆಯನ್ನೇ ಎರಡು ದಿನದಲ್ಲಿ ಹತ್ತೊಂಬತ್ತು ಸಲ ತೆರೆದಿದ್ದ. ಮುರಿದ ದವಡೆ, ಕತ್ತಿನ ಸುತ್ತ ಬೆರಳಿನ ಗುರುತು, ಹೊಟ್ಟೆಗೆ ಒದೆ ಬಿದ್ದು ಹೋದ ಮಗು. ಗಂಡನ ಹೆಸರಿನ ಜಾಗದಲ್ಲಿ ಅವನದೇ ಹೆಸರು. ಅವಳ ಹೊಸ ವಿಳಾಸವೊಂದು ಮಾತ್ರ ಅವನಿಗೆ ಕಾಣುವಂತಿರಲಿಲ್ಲ. ಅದನ್ನೂ ನೋಡಲು ಅನುಮತಿ ಬೇಕೆಂದು ಅಂದೇ ಅರ್ಜಿ ಹಾಕಿದ್ದ.

ಬೀಗದಕ್ಕ ಅರ್ಜಿ ತಳ್ಳಿಹಾಕಿ ಅವನ ಲಾಗಿನ್ನನ್ನೇ ಮುಚ್ಚಿದಳು. ಆಡಳಿತಾಧಿಕಾರಿಗೆ ಫೋನಿನಲ್ಲಿ ವಿಷಯ ಹೇಳುತ್ತಿದ್ದಾಗಲೇ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು.

"ನನ್ನ ಹೆಂಡ್ತಿ ಎಲ್ಲಿದಾಳೆ? ತೆಗಿ!"

"ಹೊರಗೆ ನಡೀರಿ ಸರ್," ಎನ್ನುತ್ತಲೇ ಅವಳು ತನ್ನ ಲಾಗಿನ್ನಿನಿಂದ ಹೊರಬಂದಳು.

ಕೆನ್ನೆಗೆ ಬಿದ್ದ ಏಟಿಗೆ ಕುರ್ಚಿ ಸಮೇತ ಉರುಳಿದಳು. ಅವನು ಬಾಗಿಲಿಗೆ ಚಿಲಕ ಹಾಕಿದ. ಜಡೆ ಹಿಡಿದೆಳೆದು ಅವಳನ್ನು ಪರದೆಯ ಮುಂದೆ ಕೂರಿಸಿದ. "ಪಾಸ್‌ವರ್ಡ್ ಹಾಕೇ!"

ಮೂರು ಸಲ ತಪ್ಪಿದರೆ ಯಾರ ಲಾಗಿನ್ನಾದರೂ ಮುಚ್ಚಿಹೋಗಬೇಕೆಂಬ ನಿಯಮ ಇಟ್ಟವಳು ಅವಳೇ. ಬೇಕೆಂದೇ ತಪ್ಪು ಹಾಕಿದಳು. ಅವನು ಅವಳ ಮುಖವನ್ನು ಮೇಜಿಗೆ ಜಜ್ಜಿದ. ಮೂಗಿನಿಂದ ರಕ್ತ ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಎರಡನೇ ಸಲವೂ ತಪ್ಪು. ಅವಳ ಬಲಗೈಯನ್ನು ಕಬ್ಬಿಣದ ಡ್ರಾಯರಿನೊಳಗೆ ಒತ್ತಿ, ಕಾಲಿನಿಂದ ಒದ್ದು ಮುಚ್ಚಿದ. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಕಿರುಚಿ ಕಿರುಚಿ ಗಂಟಲು ಕಟ್ಟಿತು. ಮೂರನೆಯದನ್ನು ಎಡಗೈಯಲ್ಲಿ ಒತ್ತಿದಳು. ಲಾಗಿನ್ ಮುಚ್ಚಿದೆ ಎಂದು ಪರದೆಯಲ್ಲಿ ಮೂಡಿತು.

"ಇನ್ನು ನಂಗೂ ತೆಗಿಯೋಕಾಗಲ್ಲ," ಎಂದಳು. "ಕೊಂದ್ರೂ ಅಷ್ಟೇ."

ಅವನು ಕೊಲ್ಲಲೆಂದೇ ಅವಳ ಕುತ್ತಿಗೆಗೆ ಕೈ ಹಾಕಿದ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಆಡಳಿತಾಧಿಕಾರಿ ಅಟ್ಟಿದ್ದ ಕಾವಲುಗಾರರು ಬಾಗಿಲು ಮುರಿದು ನುಗ್ಗಿದರು. ಅವನ ಬೆರಳು ಬಿಡಿಸಲು ಮೂವರು ಬೇಕಾಯಿತು.

ಅವನಿಗೆ ಏಳು ವರ್ಷ ಜೈಲಾಯಿತು. ಬೀಗದಕ್ಕನ ಎರಡು ಬೆರಳನ್ನು ಮತ್ತೆ ಮಡಚಲಾಗಲಿಲ್ಲ. ಆ ಹೆಂಗಸನ್ನು ಅವಳು ಕಣ್ಣಾರೆ ಕಂಡವಳೂ ಅಲ್ಲ.

ತೀರ್ಪಿಗೂ ಎಷ್ಟೋ ಮೊದಲು, ಒಂದು ಮಧ್ಯಾಹ್ನ ಬ್ಯಾಂಡೇಜು ಬಿಚ್ಚುತ್ತಿದ್ದ ತಂಗಿ ತಡೆಯಲಾರದೆ ಕೇಳಿದಳು: "ವಿಳಾಸ ಕೊಟ್ಟು ಕೈ ಉಳಿಸ್ಕೋಬಾರದಿತ್ತಾ, ಅಕ್ಕಾ?"

"ಮೂರನೇ ಸಲ ನಂಗೂ ಹಾಗೇ ಅನ್ನಿಸಿತ್ತು ಕಣೇ," ಎಂದಳು ಬೀಗದಕ್ಕ. "ಸರಿಯಾದ ಪಾಸ್‌ವರ್ಡ್‌ನ ಅರ್ಧ ಒತ್ತಿಬಿಟ್ಟಿದ್ದೆ." ಅಷ್ಟು ದಿನ ತುಟಿ ಕಚ್ಚಿ ತಡೆದವಳು ಅಂದು ತಂಗಿಯ ಹೆಗಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು.